ಕಿತ್ತಳೆ ಬಿಸ್ಕತ್ತಿನ ಭಾನುವಾರಗಳು

ಫೆಬ್ರವರಿ 1, ಗುರುವಾರ

ಲೆನ್ಸ್ ಕಂಪನಿಯವರು ವರ್ಷವರ್ಷವೂ ನಾನು ಕೆಲಸಕ್ಕಿರುವ ಕನ್ನಡಕದ ಅಂಗಡಿಗೆ ಒಂದು ಡೈರಿ ಕೊಡುತ್ತಾರೆ. ಇಷ್ಟು ವರ್ಷ ಅದು ಅಡುಗೆಮನೆಯ ಮೇಜಿನ ಕುಂಟುಕಾಲಿಗೆ ಆಧಾರವಾಗುತ್ತಿತ್ತು. ಈ ಸಲ ಬರೆಯಲು ತೆಗೆದುಕೊಂಡಿದ್ದೇನೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ದಿನದ ಸುದ್ದಿಯನ್ನೆಲ್ಲ ಇವರ ಕಿವಿಗೆ ಹಾಕುತ್ತಿದ್ದೆ. ಈಗ ಹಾಕಲು ಕಿವಿಯಿಲ್ಲ.

ಇವರು ಹೋಗಿ ಎರಡು ವಾರವಾಗುತ್ತ ಬಂತು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಹೊಸಬಳೊಬ್ಬಳಿಗೆ ಗಾಡಿ ನಿಲ್ಲಿಸುವುದನ್ನು ಹೇಳಿಕೊಡುತ್ತಿದ್ದರಂತೆ. ಆಕೆ ಹಿಂದೆ ಮುಂದೆ ಮಾಡಿ, ಎರಡು ಕಾರುಗಳ ನಡುವೆ ಅಚ್ಚುಕಟ್ಟಾಗಿ ನಿಲ್ಲಿಸಿ, "ಸರಿ ಬಂತಾ ಸರ್?" ಅಂತ ಕೇಳಿದಳಂತೆ. ಇವರು ಉತ್ತರ ಕೊಡಲಿಲ್ಲವಂತೆ. ಹೃದಯ ನಿಂತುಹೋಗಿತ್ತು. ಆಕೆ ನಮ್ಮ ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. ನಾನೇ ಅವಳಿಗೆ ನೀರು ಕೊಟ್ಟು ಸಮಾಧಾನ ಮಾಡಿ ಕಳಿಸಿದೆ.

ಮನೆಯಲ್ಲೀಗ ನಾನು ಮತ್ತು ಇವರ ತಾಯಿ. ನಾವಿಬ್ಬರೂ ಜಗಳವಾಡಿದವರಲ್ಲ. ಮಾತಾಡಿದವರೂ ಅಲ್ಲ. ಮದುವೆಯಾದಾಗಿನಿಂದ ನಮ್ಮ ಮಾತೆಲ್ಲ ಇವರ ಮೂಲಕವೇ. "ಅವಳಿಗೆ ಹೇಳು, ಗ್ಯಾಸ್ ಸಣ್ಣ ಮಾಡ್ಲಿ" ಅಂತ ಅವರು. "ಅಮ್ಮಂಗೆ ಹೇಳಿ, ಆಗ್ಲೇ ಮಾಡಿದ್ದೀನಿ" ಅಂತ ನಾನು. ಮೂವರೂ ಒಂದೇ ಮೇಜಿಗೆ ಕೂತಿದ್ದಾಗಲೂ ಹೀಗೆಯೇ. "ನಿಮ್ಮಿಬ್ಬರ ಮಧ್ಯೆ ನಾನು ಪೋಸ್ಟ್‌ಮ್ಯಾನ್ ಆಗ್ಬಿಟ್ಟೆ, ಸಂಬಳ ಮಾತ್ರ ಇಲ್ಲ" ಅಂತ ಇವರು ನಗುತ್ತಿದ್ದರು. ನಿನ್ನೆ ಊಟಕ್ಕೆ ಕೂತಾಗ ಇವರ ತಾಯಿ ಖಾಲಿ ಕುರ್ಚಿಯ ಕಡೆ ತಿರುಗಿ, "ಉಪ್ಪು ಕೊಡು ಅಂತ ಅವ..." ಅಂದವರು ಅಲ್ಲಿಗೇ ನಿಲ್ಲಿಸಿದರು. ನಾನು ಉಪ್ಪಿನ ಡಬ್ಬಿ ಅವರ ಕಡೆ ಸರಿಸಿದೆ. ಇಬ್ಬರೂ ತಲೆ ಎತ್ತಲಿಲ್ಲ.

ನಾದಿನಿ ಫೋನ್ ಮಾಡಿದ್ದಳು. "ತಿಂಗಳ ಕೊನೇಲಿ ಬಂದು ಅಮ್ಮನ್ನ ಕರ್ಕೊಂಡು ಹೋಗ್ತೀನಿ ಅತ್ತಿಗೆ. ನೀವಾದ್ರೂ ಎಷ್ಟು ಅಂತ ನೋಡ್ಕೋತೀರಾ?" ಅಂದಳು. ಅವಳ ಊರು ಇಲ್ಲಿಂದ ಒಂದು ದಿನದ ದಾರಿ. ಒಳ್ಳೆಯದೇ ಆಯಿತು. ಅಂಗಡಿಯ ಮೇಲಿನ ಕೋಣೆ ಖಾಲಿಯಿದೆ, ಬೇಕಾದರೆ ಇರು ಅಂತ ಅಲ್ಲಿನ ಯಜಮಾನರು ಅಂದಿದ್ದಾರೆ. ಒಂದು ಜೀವಕ್ಕೆ ಅಷ್ಟು ಜಾಗ ಧಾರಾಳ.

ಇವರ ತಾಯಿಗೆ ವಿಷಯ ತಿಳಿಸಿದೆ. ಕಿಟಕಿ ಕಡೆ ತಿರುಗಿ, "ಹೋಗ್ತೀನಿ. ಹೋಗೋವಾಗ ಅವನ ಬಿಸ್ಕತ್ತು ಒಂದು ಡಬ್ಬಿ ತಗೊಂಡು ಹೋಗ್ತೀನಿ" ಅಂದರು. ಪ್ರತಿ ಭಾನುವಾರ ಇವರು ಮಾಡಿ ತುಂಬಿಸಿಡುತ್ತಿದ್ದ ಡಬ್ಬಿಯ ತಳದಲ್ಲಿ ಇದ್ದದ್ದು ಬರೀ ಪುಡಿ. "ನಾನು ಮಾಡಿಕೊಡ್ತೀನಿ" ಅಂದುಬಿಟ್ಟೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ನಾನು ಓವನ್ನಿನ ಗುಂಡಿ ತಿರುಗಿಸಿದವಳೂ ಅಲ್ಲ.

ಇವರು ಕೊನೆಯ ಸಲ ಮಾಡಿದ್ದರಲ್ಲಿ ಒಂದೇ ಒಂದು ಬಿಸ್ಕತ್ತು ನನ್ನ ಹತ್ತಿರ ಇದೆ. ಕನ್ನಡಕದ ಪೆಟ್ಟಿಗೆಯಲ್ಲಿಟ್ಟು ಬೀರುವಿನಲ್ಲಿ ಬಟ್ಟೆಗಳ ಹಿಂದೆ ಇಟ್ಟಿದ್ದೇನೆ. ತಿನ್ನುವುದಕ್ಕಲ್ಲ. ಇರಲಿ ಅಂತ.

ಫೆಬ್ರವರಿ 4, ಭಾನುವಾರ

ಮದುವೆಗೆ ಮುಂಚೆ ಇವರು ಸರಕು ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿನ ದೊಡ್ಡ ಅಡುಗೆಯವನು ಪೋರ್ಚುಗಲ್ ದೇಶದವನು. ಇದು ಅವನ ತಾಯಿಯ ಬಿಸ್ಕತ್ತಂತೆ. ಮೈದಾ, ಸಕ್ಕರೆ, ಮೊಟ್ಟೆ, ಆಲಿವ್ ಎಣ್ಣೆ, ಕಿತ್ತಳೆ ಸಿಪ್ಪೆಯ ತುರಿ, ನಿಂಬೆ ಸಿಪ್ಪೆಯ ತುರಿ, ಸ್ವಲ್ಪ ಕಿತ್ತಳೆ ರಸ, ಚಿಟಿಕೆ ಚಕ್ಕೆ ಪುಡಿ. ಹಿಟ್ಟನ್ನು ಹಗ್ಗದ ಹಾಗೆ ಹೊಸೆದು, ಎರಡು ಎಳೆ ಸೇರಿಸಿ ತಿರುಚಿ, ಬಳೆಯ ಹಾಗೆ ತುದಿ ಕೂಡಿಸಿ ಬೇಯಿಸುವುದು. ಇಷ್ಟೇ. ಪ್ರತಿ ಭಾನುವಾರ ಕಣ್ಣಾರೆ ನೋಡಿದವಳು ನಾನು. ಆದರೆ ಇವರು ಅಳೆಯುತ್ತಿದ್ದದ್ದು ಕಿವಿ ಮುರಿದ ಒಂದು ಕಪ್ಪಿನಲ್ಲಿ, ಅದೂ ಕೆಲವು ಸಲ ತುಂಬಿ ತುಳುಕುವಷ್ಟು, ಕೆಲವು ಸಲ ಕೊರತೆ. ಕೇಳಿದರೆ "ಹಿಟ್ಟೇ ಹೇಳುತ್ತೆ ಕಣೇ" ಅನ್ನುತ್ತಿದ್ದರು. ಇವತ್ತು ನನಗೆ ಹಿಟ್ಟು ಏನೂ ಹೇಳಲಿಲ್ಲ.

ಬಿಸ್ಕತ್ತು ಕಹಿಯಾಯಿತು. ಎಂಥ ಕಹಿ ಅಂದರೆ ಒಂದು ಚೂರು ಬಾಯಿಗೆ ಹಾಕಿದವಳು ಸಿಂಕಿನ ಹತ್ತಿರ ಓಡಿದೆ. ಇವರ ತಾಯಿ ಮಾತ್ರ ಒಂದಿಡೀ ಬಳೆ ತಿಂದರು. ಮುಖ ಕಿವುಚಲಿಲ್ಲ. "ಇದಲ್ಲ" ಅಂದು, ಕೈ ಒರೆಸಿಕೊಂಡು, ಕೋಣೆಗೆ ಹೋದರು.

ಹಿಟ್ಟು ಮೆತ್ತಿದ ಪಾತ್ರೆಗಳನ್ನು ತೊಳೆಯುತ್ತ ಅತ್ತುಬಿಟ್ಟೆ. ಇವರ ಮೇಲೆ ಸಿಟ್ಟೂ ಬಂತು. ಒಂದು ದಿನ ಕೈ ಹಿಡಿದು ಕಲಿಸಬಾರದಿತ್ತೇ? ಊರವರಿಗೆಲ್ಲ ಗಾಡಿ ಕಲಿಸಿದರು.

ಫೆಬ್ರವರಿ 7, ಬುಧವಾರ

ಶಾಲೆಗೆ ಹೋಗುವ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಳು. ಅಕ್ಷರದ ಬೋರ್ಡಿನಲ್ಲಿ ದೊಡ್ಡ ಸಾಲು ಕೂಡ ಕಾಣುವುದಿಲ್ಲ ಅಂದಳು. ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತ ಬಂದವಳು! ಇಂಥವರು ನಮಗೆ ಹೊಸಬರಲ್ಲ. ಪರೀಕ್ಷೆಯ ಚೌಕಟ್ಟಿಗೆ ಪವರೇ ಇಲ್ಲದ ಬರಿಗಾಜು ಹಾಕಿ, "ಇದು ಭಾರಿ ಪವರಿಂದು, ಈಗ ನೋಡು ಪುಟ್ಟಿ" ಅಂದೆ. ಕೊನೆಯ ಸಾಲಿನ ತನಕ ಗಡಗಡ ಓದಿಬಿಟ್ಟಳು. ಪಕ್ಕದಲ್ಲಿ ಕೂರುವ ಗೆಳತಿಗೆ ಹೊಸ ಕನ್ನಡಕ ಬಂದಿದೆಯಂತೆ. ತಾಯಿ ಕಣ್ಣು ಬಿಟ್ಟು ಗದರಿಸುತ್ತ ಎಳೆದುಕೊಂಡು ಹೋದಳು.

ಇದನ್ನು ಹೇಳಿದರೆ ಇವರು ಎಷ್ಟು ನಗುತ್ತಾರೆ ಅಂತ ನೆನೆಯುತ್ತ ಸಂಜೆ ಮನೆಯ ಬಾಗಿಲು ತೆಗೆದೆ. ಬಾಗಿಲು ತೆಗೆದ ಮೇಲೆ ನೆನಪಾಯಿತು.

ಫೆಬ್ರವರಿ 11, ಭಾನುವಾರ

ನಾನು ಕಿತ್ತಳೆ ತುರಿಯಲು ಶುರು ಮಾಡಿದ ಮೇಲೆ ಇವರ ತಾಯಿ ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ಹಾಕಿ ಕೂತರು. ಮಗ ಮಾಡುವಾಗ ಕೂರುತ್ತಿದ್ದ ಜಾಗವೇ ಅದು. ನಾನು ಕೈ ಜೋರು ಮಾಡಿದೆ. ಯಾರಾದರೂ ನೋಡುತ್ತಿದ್ದರೆ ನನಗೆ ಕೆಲಸ ಕೆಡುತ್ತದೆ.

"ಬಿಳಿ ಬರಬಾರ್ದು" ಅಂದರು.

ಯಾರಿಗೆ ಹೇಳಿದರೋ ಎಂದು ಸುತ್ತ ನೋಡಿದೆ. ನನಗೇ.

"ಮೇಲಿನ ಬಣ್ಣ ಅಷ್ಟೇ. ಒಳಗಿನ ಬಿಳಿ ಬಂದ್ರೆ ಕಹಿ. ಅವನು ಹಣ್ಣನ್ನ ಒಂದೇ ಕಡೆ ಎರಡು ಸಲ ಉಜ್ತಿರಲಿಲ್ಲ. ತಿರುಗಿಸ್ತಾನೇ ಇರ್ತಿದ್ದ."

"ಹೋದ ವಾರವೇ ಹೇಳಬಾರದಿತ್ತಾ?"

"ನೀನು ಕೇಳಲಿಲ್ಲ."

ಹಣ್ಣು ತಿರುಗಿಸುತ್ತ ತುರಿದೆ. ಕಹಿ ಹೋಯಿತು. ಆದರೆ ರಸ ಹೆಚ್ಚಾಗಿ ಹಿಟ್ಟು ಕೈಗೆ ಅಂಟಿತು, ಅಂಟಿತೆಂದು ಮೈದಾ ಸುರಿದೆ, ಸುರಿದದ್ದಕ್ಕೆ ಬಿಸ್ಕತ್ತು ಕಲ್ಲಾಯಿತು. ಇವರ ತಾಯಿ ಒಂದನ್ನು ಚಹಾದಲ್ಲಿ ನೆನೆಸಿಟ್ಟರು. ಚಹಾ ಆರಿತು, ಬಿಸ್ಕತ್ತು ನೆನೆಯಲಿಲ್ಲ. "ಗಾಡಿ ಚಕ್ರಕ್ಕೆ ಅಡ್ಡ ಇಡಬಹುದು" ಅಂದರು. ಅದು ಥೇಟ್ ಇವರ ಮಾತು, ಇವರದೇ ದನಿಯ ಏರಿಳಿತ. ಮಗನಿಗೆ ಎಲ್ಲಿಂದ ಬಂದಿತ್ತು ಅನ್ನುವುದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಫೆಬ್ರವರಿ 14, ಬುಧವಾರ

ಡ್ರಾಯರಿನಲ್ಲಿ ಇವರ ಕತ್ತರಿ ಸಿಕ್ಕಿತು. ಎಡಗೈಯವರ ಕತ್ತರಿ, ನನ್ನ ಕೈಯಲ್ಲಿ ಹೂಂ ಅನ್ನುವುದಿಲ್ಲ. ಎತ್ತಿಡಲೋ ಎಸೆಯಲೋ ಅಂತ ಹಿಡಿದುಕೊಂಡೇ ನಿಂತಿದ್ದೆ. ಅತ್ತೆ ನೋಡಿ, "ಚಿಕ್ಕವನಿದ್ದಾಗ ಎಡಗೈಲಿ ಬರೀತಾನೆ ಅಂತ ಅವನ ಕೈ ಕಟ್ಟಿ ಹಾಕಿದ್ದೆ. ಆಮೇಲೆ ನಾನೇ ಬಿಚ್ಚಿದೆ. ಕಟ್ಟಿದ ಕೈ ಹಿಡ್ಕೊಂಡು ಸುಮ್ನೆ ಕೂತ್ಬಿಟ್ಟಿದ್ದ, ಅಳಲೂ ಇಲ್ಲ" ಅಂದರು. ಆಮೇಲೆ ತುಂಬಾ ಹೊತ್ತು ಅವರು ಅತ್ತರು. ನಾನು ಆ ಕನ್ನಡಕ ಬೇಕಿದ್ದ ಹುಡುಗಿಯ ಕತೆ ಹೇಳಿದೆ. ಕಣ್ಣೊರೆಸಿಕೊಳ್ಳುತ್ತ ಪೂರ್ತಿ ಕೇಳಿದರು.

"ಪಾಪ, ಒಂದು ಬರಿಗಾಜಿನ ಕನ್ನಡಕ ಕೊಟ್ಟು ಕಳಿಸಬಾರ್ದಿತ್ತಾ?"

"ಸುಳ್ಳು ಹೇಳಿದಳಲ್ಲ ಅತ್ತೆ."

"ಬೇಕು ಅಂತ ಬಾಯಿಬಿಟ್ಟು ಕೇಳೋಕೆ ಆಗದಿದ್ರೆ ಇನ್ನೇನು ಹೇಳ್ತಾರೆ?"

ಕತ್ತರಿಯನ್ನು ಡ್ರಾಯರಿನಲ್ಲೇ ಇಟ್ಟೆ.

ಫೆಬ್ರವರಿ 18, ಭಾನುವಾರ

ಅತ್ತೆಯ ಕುರ್ಚಿ ಬಾಗಿಲಿನಿಂದ ಒಳಗೆ ಬಂದಿದೆ. ನನಗೆ ಓಡಾಡಲು ಜಾಗವಿಲ್ಲ.

ಇವತ್ತು ಸಕ್ಕರೆಯ ವಿಷಯ ಹೊರಬಿತ್ತು. ನಾನು ಸಕ್ಕರೆ ಬೇರೆ, ತುರಿ ಬೇರೆ ಹಾಕುತ್ತಿದ್ದೆ. "ಹಾಗಲ್ಲ. ತುರೀನ ಸಕ್ಕರೆ ಮೇಲೆ ಹಾಕಿ ಬೆರಳಲ್ಲಿ ಉಜ್ಜಬೇಕು. ಸಕ್ಕರೆ ಒದ್ದೆ ಮರಳಿನ ಥರ ಆಗ್ಬೇಕು" ಅಂದರು. ಉಜ್ಜಿದೆ. ಸಕ್ಕರೆ ನಿಧಾನವಾಗಿ ಹಳದಿಗೆ ತಿರುಗಿತು. ಅಡುಗೆಮನೆ ತುಂಬ ಘಮ ಎದ್ದಿತು. ಅದು ಕಿತ್ತಳೆಯ ಘಮವಲ್ಲ, ಭಾನುವಾರದ ಘಮ. ಹಿಂದಿನಿಂದ ಬಂದು ಇವರು ನನ್ನ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದರು, ಅಂಗಡಿಯಲ್ಲಿ ಅತ್ತರು ತೋರಿಸುವವರ ಹಾಗೆ. ನಾನು "ಕೈ ತೊಳ್ಕೊಳ್ಳಿ ಮೊದ್ಲು" ಅನ್ನುತ್ತಿದ್ದೆ.

ನನ್ನ ಬೆರಳನ್ನು ಅತ್ತೆಯ ಮೂಗಿನ ಹತ್ತಿರ ಹಿಡಿದೆ. ಅವರು ಕಣ್ಣು ಮುಚ್ಚಿ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಿಡಲೇ ಇಲ್ಲ. ನಾನೂ ಎಳೆದುಕೊಳ್ಳಲಿಲ್ಲ. ಓವನ್ ಕಾಯುತ್ತಾ ಇತ್ತು.

ತಿಂದು ನೋಡಿ, "ಇದಲ್ಲ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಒಳಗೆ ಮೆತ್ತಗಿದೆ.

ಫೆಬ್ರವರಿ 22, ಗುರುವಾರ

ಏನೂ ಬೇಡ ಅನ್ನಿಸುತ್ತದೆ. ಅಂಗಡಿಯಲ್ಲಿ ಎರಡು ಜನರ ಲೆನ್ಸು ಅದಲುಬದಲು ಮಾಡಿದೆ. ಯಜಮಾನರು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಫೆಬ್ರವರಿ 25, ಭಾನುವಾರ

ಹಿಟ್ಟನ್ನು ನಾದಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಬಿಡಬೇಕಂತೆ. ಇದು ಈ ವಾರ ಹೊರಬಂದ ಗುಟ್ಟು. ನಾನು ನಾದಿ ತಕ್ಷಣ ಹೊಸೆಯಲು ಹೋಗುತ್ತಿದ್ದೆ, ಎಳೆ ಹರಿಯುತ್ತಿತ್ತು. "ಕ್ಲಚ್ ಬಿಟ್ಟ ಹಾಗೆ, ಫಟ್ ಅಂತ ಬಿಟ್ರೆ ಗಾಡಿ ನಿಂತೋಗತ್ತೆ ಅಂತಿದ್ದ" ಅಂದರು ಅತ್ತೆ. ಹಿಟ್ಟು ಸುಧಾರಿಸಿಕೊಳ್ಳುವ ತನಕ ನಾವು ಚಹಾ ಕುಡಿದೆವು. ಅತ್ತೆ ತಮ್ಮ ಸ್ವೆಟರಿನ ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಒರೆಸುವ ರೀತಿ ತಪ್ಪು, ಗೀರು ಬೀಳುತ್ತದೆ, ಎಷ್ಟು ಹೇಳಿದರೂ ಅಷ್ಟೇ. ಹೇಳಿದ್ದು ಇವರ ಮೂಲಕ. ಅದಕ್ಕೇ ತಲುಪಿರಲಿಲ್ಲವೋ ಏನೋ. ಇವತ್ತು ನಾನೇ ತೆಗೆದುಕೊಂಡು ನೀರಲ್ಲಿ ತೊಳೆದು ಒರೆಸಿಕೊಟ್ಟೆ. "ಅಯ್ಯೋ, ಗೋಡೆಗೆ ಇಷ್ಟು ಕೊಳೆ ಇದೆಯಾ!" ಅಂದರು.

ನಾದಿನಿಯ ಫೋನ್ ಬಂತು. ಅತ್ತೆ ಅವಳಿಗೆ ಹೇಳುತ್ತಿದ್ದದ್ದು ಕೇಳಿಸಿತು. "ಡಬ್ಬಿ ಆಗಿಲ್ಲ ಕಣೇ. ಸರಿಯಾಗಿ ಬರಲಿ, ಆಮೇಲೆ ಬರ್ತೀನಿ. ಬರೀ ಕೈಯಲ್ಲಿ ಹೇಗೆ ಬರೋದು?" ಅವಳು ಮುಂದಿನ ತಿಂಗಳು ಹದಿನೆಂಟಕ್ಕೆ ಬರುತ್ತಾಳಂತೆ.

ಯಜಮಾನರು ಮೇಲಿನ ಕೋಣೆಯ ಬಗ್ಗೆ ಮತ್ತೆ ಕೇಳಿದ್ದರು. ಆಮೇಲೆ ಹೇಳುತ್ತೇನೆ ಅಂದಿದ್ದೇನೆ. ಅಲ್ಲಿ ಓವನ್ ಇಡಲು ಜಾಗವಿಲ್ಲ.

ಮಾರ್ಚ್ 4, ಭಾನುವಾರ

ಇವತ್ತು ಬಂತು. ನನ್ನ ಪ್ರಕಾರ ಬಂತು.

ಬೆಂದ ಮೇಲೆ ಓವನ್ ಆರಿಸಿ, ಬಾಗಿಲಿಗೆ ಮರದ ಸೌಟು ಸಿಕ್ಕಿಸಿ, ಬಿಸ್ಕತ್ತನ್ನು ಒಳಗೇ ಆರಲು ಬಿಡಬೇಕು ಅಂತ ಅತ್ತೆ ಹೇಳಿಕೊಟ್ಟರು. ತೆಗೆದಾಗ ಒಂದೊಂದು ಬಳೆಯೂ ಟಣ್ ಅನ್ನುವ ಹಾಗಿತ್ತು. ಕಚ್ಚಿದರೆ ಮುರಿಯುವ ಸದ್ದು, ಆಮೇಲೆ ಸಿಹಿ, ಎಲ್ಲ ಮುಗಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಕಿತ್ತಳೆ. ಇವರು ಈಗ ಬಾಗಿಲು ತಳ್ಳಿಕೊಂಡು ಬಂದು "ನಂಗೆಲ್ಲಿ?" ಅಂದರೂ ಆಶ್ಚರ್ಯವಾಗುತ್ತಿರಲಿಲ್ಲ. ಬರಲಿಲ್ಲ. ಬಿಸ್ಕತ್ತು ಬಂದರೂ ಇವರು ಬರುವುದಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಇಷ್ಟು ದಿನ ಎಲ್ಲೋ ಒಂದು ಕಡೆ ಕಾಯುತ್ತಿದ್ದೆ ಅಂತ ಕಾಣುತ್ತದೆ. ತಟ್ಟೆಯ ಮುಂದೆ ಕೂತು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ, ಮೂಗು ಸೋರಿಸಿಕೊಂಡು.

ಅತ್ತೆ ಒಂದು ಬಳೆ ಪೂರ್ತಿ ತಿಂದು ಮುಗಿಸಿದರು. ಆಮೇಲೆ ನನ್ನ ಕಡೆ ನೋಡದೆ, "ಹತ್ತಿರ ಬಂದಿದೆ. ಇನ್ನೂ ಬಂದಿಲ್ಲ" ಅಂದರು.

ನನಗೆ ಮೈ ಉರಿಯಿತು.

ಮಾರ್ಚ್ 8, ಗುರುವಾರ

ಇನ್ನೂ ಅದೇ ಕೊರೆಯುತ್ತಿದೆ. ನಾನು ಹುಚ್ಚಿಯಲ್ಲ. ಭಾನುವಾರದ ಬಿಸ್ಕತ್ತಿಗೂ ಇವರದಕ್ಕೂ ನನ್ನ ನಾಲಿಗೆಗೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಹಾಗಾದರೆ ಅತ್ತೆಯ ನಾಲಿಗೆ ಹೋಗಿರಬೇಕು, ಇಲ್ಲವೇ ನನ್ನನ್ನು ಆಟ ಆಡಿಸುತ್ತಿರಬೇಕು. ವಯಸ್ಸಾದ ಮೇಲೆ ರುಚಿ ಹೋಗುವುದುಂಟು. ಹಾಗಿದ್ದರೆ ಎಷ್ಟು ಮಾಡಿದರೂ ಅವರಿಗೆ ಮಗನ ಬಿಸ್ಕತ್ತು ಸಿಗುವುದಿಲ್ಲ. ಅದನ್ನು ನೆನೆದರೆ ಸಿಟ್ಟು ಇಳಿದು ಸಂಕಟವಾಗುತ್ತದೆ. ಇಲ್ಲ, ಆಟ ಆಡಿಸುತ್ತಿದ್ದರೆ? ಆಗ ಮತ್ತೆ ಸಿಟ್ಟು.

ತಿಳಿದುಕೊಳ್ಳುವ ದಾರಿ ನನಗೆ ಗೊತ್ತು. ದಿನಾ ಮಾಡುವ ಕೆಲಸವೇ ಅದು. ಬರಿಗಾಜು ಹಾಕಿ ನೋಡುವುದು.

ಬೀರು ತೆಗೆದು ಕನ್ನಡಕದ ಪೆಟ್ಟಿಗೆ ಹೊರತೆಗೆದೆ. ಬಿಸ್ಕತ್ತು ಹಾಗೇ ಇದೆ. ಒಣ ಬಿಸ್ಕತ್ತು, ಕೆಡುವಂಥದ್ದಲ್ಲ. ಹಡಗಿನಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರಂತೆ. ಮುಚ್ಚಿ ಮತ್ತೆ ಒಳಗಿಟ್ಟೆ. ಮತ್ತೆ ತೆಗೆದೆ. ಇವರ ಕೈ ಮುಟ್ಟಿದ್ದು ಈ ಮನೆಯಲ್ಲಿ ತಿನ್ನುವಂಥದ್ದು ಇದೊಂದೇ. ಇದನ್ನು ಕೊಟ್ಟರೆ ನನಗೆ ಏನೂ ಉಳಿಯುವುದಿಲ್ಲ. ಕೊಡದೆ ಇಟ್ಟುಕೊಂಡರೂ ಏನು ಉಳಿಯುತ್ತದೆ, ಇರುವೆ ಬಂದರೆ ಮುಗಿಯಿತು.

ಮಾರ್ಚ್ 11, ಭಾನುವಾರ

ಮಾಡಿದೆ. ಮಾಡಬಾರದಿತ್ತು.

ನನ್ನ ಬಿಸ್ಕತ್ತುಗಳು ಓವನ್ನಿನಲ್ಲಿ ಆರುತ್ತಿದ್ದಾಗ ಇವರದನ್ನೂ ಅವುಗಳ ನಡುವೆ ಸೇರಿಸಿ ಬಿಸಿ ಮಾಡಿದೆ. ತಟ್ಟೆಯಲ್ಲಿ ಅದನ್ನೊಂದೇ ಇಟ್ಟು ಅತ್ತೆಗೆ ಕೊಟ್ಟೆ. "ಈ ಸಲ ನೋಡಿ ಹೇಳಿ" ಅಂದೆ. ನನ್ನ ದನಿ ಅಂಗಡಿಯ ದನಿಯಾಗಿತ್ತು.

ಅವರು ಕೈಗೆ ತೆಗೆದುಕೊಂಡು ಬೆರಳಿನಲ್ಲಿ ಸುತ್ತ ಸವರಿದರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಅಗಿಯಲಿಲ್ಲ, ಹಾಗೇ ಬಾಯಲ್ಲಿಟ್ಟುಕೊಂಡಿದ್ದರು. ನೀರು ಬೇಕು ಅಂದರು. ನಾನು ಹೋಗಿ ತಂದು ಕೊಟ್ಟೆ. ಅಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು.

"ಹೇಗಿದೆ ಅತ್ತೆ?"

"ಇದೂ ಅಲ್ಲ ಕಣಮ್ಮ" ಅಂದರು. "ಇನ್ನೂ ಬಂದಿಲ್ಲ."

ಹಾಗಾದರೆ ನಾಲಿಗೆಯೇ ಹೋಗಿದೆ. ಹೆತ್ತ ಮಗನ ಬಿಸ್ಕತ್ತೇ ಬಾಯಲ್ಲಿದ್ದರೂ ಗೊತ್ತಾಗಲಿಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಒಂದೇ ಒಂದು ಉಳಿದಿತ್ತು. ಅದನ್ನೂ ಪರೀಕ್ಷೆಗೆ ಹಾಕಿ ಕಳೆದೆ. ಖಾಲಿ ಪೆಟ್ಟಿಗೆ ಮೂಸಿ ನೋಡಿದೆ. ರಬ್ಬರಿನ ವಾಸನೆ.

ಮಾರ್ಚ್ 13, ಮಂಗಳವಾರ

ಅಂಗಡಿಗೆ ರಜ. ಬಟ್ಟೆ ಒಗೆಯಲು ಅತ್ತೆಯ ಸ್ವೆಟರ್ ತೆಗೆದುಕೊಂಡು ಜೇಬಿಗೆ ಕೈ ಹಾಕಿದೆ. ಕರವಸ್ತ್ರದ ಗಂಟು ಸಿಕ್ಕಿತು. ಬಿಚ್ಚಿದರೆ ಅರ್ಧ ಬಳೆ ಬಿಸ್ಕತ್ತು.

ಮೊದಲು ನಗು ಬಂತು, ಮಕ್ಕಳ ಹಾಗೆ ಕದ್ದಿಟ್ಟುಕೊಂಡಿದ್ದಾರೆ ಅಂತ. ನನ್ನ ಡಬ್ಬಿಯ ತುಂಬ ಬಿಸ್ಕತ್ತಿದೆ, ಯಾರು ಬೇಡ ಅಂದವರು? ಆಮೇಲೆ ಸರಿಯಾಗಿ ನೋಡಿದೆ. ಡಬ್ಬಿಯಿಂದ ನನ್ನದೊಂದು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ನನ್ನ ಬಳೆಯ ತಿರುಚು ಬಲಕ್ಕೆ ಹೋಗುತ್ತದೆ. ಇದರದು ಎಡಕ್ಕೆ.

ಎಡಗೈ.

ಒಂದೊಂದು ಲೆನ್ಸಿನ ಓರೆಯನ್ನೂ ಅಳೆದು ಕೂರಿಸುವ ನನ್ನ ಕಣ್ಣಿಗೆ ಇದು ಬೀಳಲಿಲ್ಲ. ಆ ಕೈಯನ್ನು ಕಟ್ಟಿ ಬಿಚ್ಚಿದವರ ಬೆರಳಿಗೆ ಮುಟ್ಟಿದ ಕೂಡಲೇ ಗೊತ್ತಾಗಿದೆ. ಗೊತ್ತಾಗಿ, ಅರ್ಧ ಬಚ್ಚಿಟ್ಟು, ನನ್ನ ಮುಖ ನೋಡಿ "ಇದೂ ಅಲ್ಲ" ಅಂದರು.

ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತು ಒಂದೊಂದೇ ಭಾನುವಾರ ನೆನೆದೆ. ಮೊದಲು ಬಿಳಿ. ಆಮೇಲೆ ಸಕ್ಕರೆ. ಆಮೇಲೆ ಒದ್ದೆ ಬಟ್ಟೆ. ಆಮೇಲೆ ಸೌಟು. ಬಾಗಿಲಲ್ಲಿ ಕೂತು ವರ್ಷಗಟ್ಟಲೆ ನೋಡಿದವರಿಗೆ ಮೊದಲ ದಿನವೇ ಎಲ್ಲ ಗೊತ್ತಿತ್ತು. ವಾರಕ್ಕೊಂದರಂತೆ ಕೊಟ್ಟರು. ಸರಿಯಾಗಿ ಬಂದರೆ ಡಬ್ಬಿ ತುಂಬುತ್ತದೆ, ಡಬ್ಬಿ ತುಂಬಿದರೆ ಹೋಗಬೇಕು. ಇಲ್ಲೇ ಇರ್ತೀನಿ ಅಂತ ನನ್ನನ್ನು ಹೇಗೆ ಕೇಳುತ್ತಾರೆ? ಅವರ ಪರವಾಗಿ ಕೇಳುವ ಪೋಸ್ಟ್‌ಮ್ಯಾನ್ ಇಲ್ಲ.

ಕರವಸ್ತ್ರವನ್ನು ಮೊದಲಿನ ಹಾಗೇ ಗಂಟು ಹಾಕಿ ಜೇಬಿನಲ್ಲಿಟ್ಟೆ. ಸ್ವೆಟರ್ ಒಗೆಯಲಿಲ್ಲ. "ಕೊಳೆಯೇ ಆಗಿಲ್ಲ" ಅಂತ ಹೇಳಿ ವಾಪಸ್ ಕೊಟ್ಟೆ.

ಮಾರ್ಚ್ 15, ಗುರುವಾರ

ಮೇಲಿನ ಕೋಣೆಯನ್ನು ಬೇರೆ ಯಾರಿಗೋ ಕೊಟ್ಟರಂತೆ. ಕೊಡಲಿ.

ಮಾರ್ಚ್ 18, ಭಾನುವಾರ

ನಾದಿನಿ ಕಾರು ಮಾಡಿಕೊಂಡು ಬಂದಿದ್ದಳು. ಅತ್ತೆಯ ಚೀಲ ಬೆಳಿಗ್ಗೆಯಿಂದಲೇ ಬಾಗಿಲ ಪಕ್ಕ ಇತ್ತು. ಅವರು ಹೊಸ ಬಟ್ಟೆ ಹಾಕಿಕೊಂಡು, ಅದರ ಮೇಲೆ ಅದೇ ಸ್ವೆಟರ್ ತೊಟ್ಟು, ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಇಡೀ ಬೆಳಿಗ್ಗೆ ನನ್ನ ಜೊತೆ ಒಂದು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಎಷ್ಟೋ ವರ್ಷದ ಅಭ್ಯಾಸ, ಒಂದು ಗಳಿಗೆಯಲ್ಲಿ ಹಿಂದಕ್ಕೆ ಬಂದುಬಿಡುತ್ತದೆ.

ನಾದಿನಿ ಕೈಕಾಲು ತೊಳೆದು ಬಂದು ಅಣ್ಣನ ಖಾಲಿ ಕುರ್ಚಿ ನೋಡಿ ಅತ್ತಳು. ಅವಳನ್ನು ಕೂರಿಸಿ ಚಹಾ ಕೊಟ್ಟೆ, ತಟ್ಟೆಯಲ್ಲಿ ಬಿಸ್ಕತ್ತಿಟ್ಟೆ. ಆಗಷ್ಟೇ ಓವನ್ನಿನಿಂದ ತೆಗೆದದ್ದು. ಕಚ್ಚಿದವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಅತ್ತಿಗೆ! ಇದು ಥೇಟ್ ಅಣ್ಣಂದೇ."

ಅತ್ತೆ ತಲೆ ಬಗ್ಗಿಸಿ ಸ್ವೆಟರಿನ ಗುಂಡಿಯನ್ನು ಹಾಕಿದರು, ಬಿಚ್ಚಿದರು, ಹಾಕಿದರು. ಆಮೇಲೆ ಕುರ್ಚಿಯ ಕೈ ಹಿಡಿದು ಏಳಲು ಹೊರಟರು.

"ಇಲ್ಲ" ಅಂದೆ. ಜೋರಾಗಿಯೇ ಬಂತು. "ಇನ್ನೂ ಸರಿ ಬಂದಿಲ್ಲ. ನಿಂಗೆ ಮರೆತುಹೋಗಿದೆ, ಅದಕ್ಕೆ ಹಾಗನ್ಸುತ್ತೆ. ಅತ್ತೆ ಹೇಳ್ಲಿ. ಬಂದಿದೆಯಾ ಅತ್ತೆ?"

ಅವರು ನನ್ನನ್ನೇ ನೋಡಿದರು. ಆ ದಪ್ಪ ಗಾಜಿನ ಹಿಂದೆ ಕಣ್ಣು ದೊಡ್ಡದಾಗಿ ಕಾಣುತ್ತದೆ. ಆ ಕಣ್ಣು ತುಂಬಿದ್ದು ನನಗೆ ಕಂಡಿತು.

"ಎಲ್ಲಿ ಬಂದಿದೆ?" ಅಂದರು ನಿಧಾನಕ್ಕೆ. "ಇನ್ನೂ ಎಷ್ಟೋ ಇದೆ. ಇವಳ ಕೈ ಈಗ ಸ್ವಲ್ಪ ಸ್ವಲ್ಪ ತಿರುಗ್ತಾ ಇದೆ."

"ನೀವು ಹೋದ್ರೆ ನಂಗ್ಯಾರು ಹೇಳ್ಕೊಡ್ತಾರೆ?" ಅಂದೆ.

ನಾದಿನಿ ದಡ್ಡಿಯಲ್ಲ. ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಅರ್ಧ ಬಿಸ್ಕತ್ತು ನೋಡಿದಳು. "ನಂಗೂ ಅಮ್ಮ ಬೇಕಲ್ವಾ ಅತ್ತಿಗೆ" ಅಂತ ಸಣ್ಣ ದನಿಯಲ್ಲಿ ಅಂದಳು. ಅವಳಿಗೂ ಅಣ್ಣ ಹೋಗಿದ್ದಾನೆ, ಅದನ್ನು ನಾವು ಇಬ್ಬರೂ ಮರೆತಿದ್ದೆವು. ಅವಳ ತಲೆ ನನ್ನ ಹೆಗಲಿಗೆ ಒರಗಿಸಿಕೊಂಡೆ. ಅತ್ತೆ ಬಂದು ಅವಳ ಬೆನ್ನು ಸವರಿದರು. "ಬೇಸಿಗೆ ರಜೆಗೆ ಮಕ್ಕಳನ್ನ ಕರ್ಕೊಂಡು ಬಾ. ನೀನೂ ಕಲಿ" ಅಂದರು. ಡಬ್ಬಿಯನ್ನು ಅವಳ ಕೈಗೆ ಕೊಟ್ಟೆವು. ಕಾರು ತಿರುಗುವ ತನಕ ಅವಳು ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದಳು.

ಒಳಗೆ ಬಂದೆವು. ಅತ್ತೆಯ ಚೀಲವನ್ನು ನಾನು ಎತ್ತಿ ಅವರ ಕೋಣೆಯಲ್ಲಿಟ್ಟೆ. ಬಂದು ನೋಡಿದರೆ ಅವರು ಅಡುಗೆಮನೆಯ ಮೇಜಿನ ಮುಂದೆ ಕೂತು ಜೇಬಿನಿಂದ ಕರವಸ್ತ್ರ ತೆಗೆದು ಗಂಟು ಬಿಚ್ಚುತ್ತಿದ್ದರು. ಆ ಅರ್ಧ ಬಳೆಯನ್ನು ಎರಡು ಮಾಡಿ, ದೊಡ್ಡ ಚೂರನ್ನು ನನ್ನ ಕಡೆ ಚಾಚಿದರು.

"ಇದು ಸರಿಯಾಗಿ ಬಂದಿತ್ತು" ಅಂದರು. "ಆವತ್ತು ಸುಳ್ಳು ಹೇಳ್ದೆ."

"ಗೊತ್ತು ಅತ್ತೆ."

ತಿಂದೆವು. ಎರಡು ತುತ್ತಿಗೂ ಆಗಲಿಲ್ಲ. ಬಾಯಲ್ಲಿ ಕರಗುವ ತನಕ ಇಬ್ಬರೂ ಅಲುಗಾಡಲಿಲ್ಲ, ಮತ್ತೆ ಇಬ್ಬರಿಗೂ ಅಳು ತಡೆಯಲಾಗಲಿಲ್ಲ. ಕರವಸ್ತ್ರದಲ್ಲಿ ಉಳಿದಿದ್ದ ಪುಡಿಯನ್ನು ಅತ್ತೆ ಬೆರಳಿಗೆ ಒತ್ತಿ ಒತ್ತಿ ತೆಗೆದು ನನ್ನ ಬಾಯಿಗಿಟ್ಟರು. ಇವರ ಕೈಯ ಬಿಸ್ಕತ್ತು ಈ ಮನೆಯಲ್ಲಿ ಇನ್ನಿಲ್ಲ.

ಕಿತ್ತಳೆಯೂ ಮುಗಿದಿದೆ. ಮುಂದಿನ ವಾರಕ್ಕೆ ತರಬೇಕು.